ಒತ್ತುವ ಬೆರಳು

ನಮ್ಮ ಮಾದನಾಯಕನಹಳ್ಳಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ ನೀಲಿ ಪ್ಲಾಸ್ಟಿಕ್ ಸ್ಟೂಲ್ ಇದೆ. ಕೆಲಸದಿಂದ ನಿವೃತ್ತನಾದ ಮೇಲೆ ಬೆಳಗಿನ ಹೊತ್ತು ನಾನು ಹೆಚ್ಚಾಗಿ ಅದರ ಮೇಲೆಯೇ ಕೂತಿರುತ್ತೇನೆ. ಅಂಗಡಿಗೆ ಜೆರಾಕ್ಸ್ ಎನ್ನುವ ಹೆಸರು ಉಳಿದುಕೊಂಡಿದೆ ಅಷ್ಟೇ. ಅಲ್ಲಿಗೆ ಬರುವವರ ಕೆಲಸ ಬೇರೆ. ಒಬ್ಬರಿಗೆ ಪಹಣಿ ಬೇಕು, ಇನ್ನೊಬ್ಬರಿಗೆ ಮಗಳ ಜಾತಿ ಆದಾಯ ಪ್ರಮಾಣಪತ್ರ. ಗೃಹಲಕ್ಷ್ಮಿ ದುಡ್ಡು ಯಾಕೆ ಬಂದಿಲ್ಲ ಅಂತ ಕೇಳುವ ಅಕ್ಕಂದಿರು, ಪೀಣ್ಯದಲ್ಲಿ ಕೆಲಸ ಬಿಟ್ಟು ಪಿಎಫ್ ತೆಗೆಯಲು ಬಂದ ಉತ್ತರ ಕರ್ನಾಟಕದ ಹುಡುಗರು. ಕಂಪ್ಯೂಟರ್ ಮುಂದೆ ಕೂತ ಹುಡುಗ ಒಳ್ಳೆಯವನು, ಕೈ ಚುರುಕು. ಪರದೆ ಅವನ ಕಡೆ ತಿರುಗಿದೆ. ಬಂದವರು ಕೌಂಟರಿನ ಆಚೆ ನಿಂತು ಮೊಬೈಲನ್ನು ಅವನ ಕೈಗೆ ಕೊಟ್ಟುಬಿಡುತ್ತಾರೆ. "ಓಟಿಪಿ ಬಂತಾ ನೋಡಪ್ಪ" ಅನ್ನುತ್ತಾರೆ. ಮೊಬೈಲು ಅವರದು, ಹೆಸರು ಅವರದು, ಜಮೀನು ಅವರದು. ಒತ್ತುವ ಬೆರಳು ಮಾತ್ರ ಆ ಹುಡುಗನದು.

ನನಗೆ ಮುಖಕ್ಕಿಂತ ಮೊದಲು ಕೈ ನೋಡುವ ಅಭ್ಯಾಸ. ಪೀಣ್ಯದಲ್ಲಿ ಮೂವತ್ತು ವರ್ಷದ ಮೇಲೆ ಲೇತ್ ಮುಂದೆ ನಿಂತವನು, ಕೊನೆಯ ಹನ್ನೆರಡು ವರ್ಷ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್‌ನ ಸೆಟ್ಟರ್ ಆಗಿದ್ದವನು. ಹೊಸ ಹುಡುಗ ಬಂದರೆ ಅವನು ವರ್ನಿಯರ್ ಹಿಡಿಯುವ ರೀತಿಯಲ್ಲೇ ಗೊತ್ತಾಗುತ್ತಿತ್ತು, ಇವನ ಕೈ ಕುದುರುತ್ತದೋ ಇಲ್ಲವೋ ಅಂತ. ಕನ್ನಡದಲ್ಲಿ ವಿದ್ಯೆಯನ್ನು ಕೈಗೆ ಕಟ್ಟಿ ಹೇಳುವ ಮಾತು ಎಷ್ಟಿವೆ ನೋಡಿ: ಕೈ ಕುದುರಿತು, ಕೈ ಪಳಗಿತು, ಕೈಗೆ ಹತ್ತಿತು, ಕೈಗುಣ. ಓದು ಬಾರದವರನ್ನು ಕರೆದದ್ದೂ ಕೈಯಿಂದಲೇ, ಹೆಬ್ಬೆಟ್ಟು ಅಂತ. ನಮ್ಮಪ್ಪ ಹೆಬ್ಬೆಟ್ಟು. ಸೊಸೈಟಿಯಲ್ಲಿ ಸಾಲದ ಕಾಗದಕ್ಕೆ ನೀಲಿ ಮಸಿಯ ಗುರುತು ಹಾಕಿ ಬಂದು ಬೆರಳನ್ನು ಗೋಡೆಗೆ ಉಜ್ಜುತ್ತಿದ್ದರು. ಆ ಗೋಡೆಯ ಕಲೆ ನನಗೆ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾವು ಸಹಿ ಹಾಕುವುದನ್ನು ಕಲಿತು ಆ ಕಲೆಯಿಂದ ಹೊರಗೆ ಬಂದೆವು ಅಂದುಕೊಂಡಿದ್ದೆವು. ಈಗ ಡಿಗ್ರಿ ಓದಿದವರೂ ಸಿಮ್ ಕೊಳ್ಳಲು, ರೇಷನ್ ತೆಗೆದುಕೊಳ್ಳಲು ಗಾಜಿನ ಮೇಲೆ ಹೆಬ್ಬೆಟ್ಟು ಒತ್ತುತ್ತಾರೆ.

ರೇಷನ್ ಅಂದಾಗ ನನ್ನ ಜೊತೆಯಲ್ಲಿ ಸರ್ಫೇಸ್ ಗ್ರೈಂಡಿಂಗ್‌ನಲ್ಲಿದ್ದ ಗೆಳೆಯ ನೆನಪಾಗುತ್ತಾನೆ. ಇಪ್ಪತ್ತೈದು ವರ್ಷ ಕೂಲಂಟ್ ನೀರಿನಲ್ಲಿ ನೆಂದು, ಬಿಸಿ ಜಾಬ್ ಹಿಡಿದು ಅವನ ಬೆರಳ ತುದಿಯ ಗೆರೆಗಳು ಅಳಿಸಿ ಹೋಗಿದ್ದವು. ನ್ಯಾಯಬೆಲೆ ಅಂಗಡಿಯ ಯಂತ್ರ ಅವನನ್ನು ಗುರುತಿಸಲಿಲ್ಲ. ಹತ್ತೂ ಬೆರಳು ಇಟ್ಟು ನೋಡಿದ. ಐದು ಮೈಕ್ರಾನ್ ವ್ಯತ್ಯಾಸವನ್ನು ಗೇಜ್ ಇಲ್ಲದೆ ಸವರಿ ಹೇಳುತ್ತಿದ್ದ ಬೆರಳು ಅವು. ಸಾಲಿನಲ್ಲಿ ನಿಂತವರ ಮುಂದೆ ಅವನು ಕೈಯನ್ನು ಪಂಚೆಗೆ ಒರೆಸಿ ಒರೆಸಿ ಇಡುತ್ತಿದ್ದದ್ದು ನೋಡಿ ನನಗೆ ಗಂಟಲು ಕಟ್ಟಿತು. ಈ ದೇಶದ ಜನಕ್ಕೆ ಡಿಜಿಟಲ್ ಕೌಶಲ ಕಲಿಸಬೇಕು ಅನ್ನುವ ಭಾಷಣ ಕೇಳಿದಾಗಲೆಲ್ಲ ನನಗೆ ಮೊದಲು ಹೊಳೆಯುವುದು ಆ ಬೆರಳು.

ಕಲಿಸುವುದು ಹೇಗೆ ಅಂತ ನನಗೆ ತಿಳಿದದ್ದು ಮೆಷಿನ್ ಮುಂದೆಯೇ. ಈ ತುಮಕೂರು ರಸ್ತೆಯ ಸೀಮೆಗೆ ಕೈಗೆಲಸ ಕಲಿಸುವ ಪರಂಪರೆ ಹಳೆಯದು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾಯಿತು, 1972ರಲ್ಲಿ ರಾಜಾಜಿನಗರದಲ್ಲಿ ಡೆನ್ಮಾರ್ಕ್ ನೆರವಿನಿಂದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಬಂತು, ಪೀಣ್ಯದಲ್ಲಿ ಎನ್‌ಟಿಟಿಎಫ್ ತರಬೇತಿ ಸಂಸ್ಥೆ ಇದೆ. ಅಲ್ಲಿ ಪಳಗಿದವರು ಸಣ್ಣ ಸಣ್ಣ ಶೆಡ್ಡುಗಳಿಗೆ ಹೋಗಿ ನಮ್ಮಂಥವರಿಗೆ ಕಲಿಸಿದರು. ನಾನು ಲೇತ್ ಬಿಟ್ಟು ಸಿಎನ್‌ಸಿಗೆ ಬಂದಾಗ ವಯಸ್ಸು ನಲವತ್ತರ ಮೇಲೆ. ಹ್ಯಾಂಡಲ್ ತಿರುಗಿಸುತ್ತಿದ್ದ ಕೈಗೆ ಗುಂಡಿ ಒತ್ತು ಅಂದರೆ ಹೇಗೆ! ಅಲ್ಲಿ ಎಲ್ಲವೂ ಅಕ್ಷರ ಮತ್ತು ಅಂಕಿ. ಜಿ ಸೊನ್ನೆ ಒಂದು ಅಂದರೆ ಟೂಲ್ ನೇರ ಗೆರೆಯಲ್ಲಿ ಕಡಿಯುತ್ತಾ ಹೋಗು. ಎಂ ಸೊನ್ನೆ ಮೂರು ಅಂದರೆ ಸ್ಪಿಂಡಲ್ ತಿರುಗು. ಎಂ ಮೂವತ್ತು ಅಂದರೆ ಮುಗಿಯಿತು. ಕೆಲವು ಕಂಟ್ರೋಲರ್‌ಗಳಲ್ಲಿ ಐವತ್ತು ಬರೆದು ಮುಂದೆ ಚುಕ್ಕಿ ಇಡುವುದು ಮರೆತರೆ 50 ಮಿಲಿಮೀಟರ್ ಹೋಗಿ 50 ಮೈಕ್ರಾನ್ ಆಗುತ್ತದೆ. ಒಂದು ಚುಕ್ಕಿಗೆ ಟೂಲ್ ಮುರಿಯಬಹುದು, ಚಕ್‌ಗೆ ಗುದ್ದಬಹುದು.

ನನಗೆ ಕಲಿಸಿದ ಸೆಟ್ಟರ್ ನನಗಿಂತ ಹದಿನೈದು ವರ್ಷ ಚಿಕ್ಕವನು, ಹಾಸನದ ಕಡೆಯ ಹುಡುಗ. ಮೊದಲ ದಿನವೇ ಅವನು ಮಾಡಿದ ಕೆಲಸ ನಾನು ಮರೆಯುವುದಿಲ್ಲ. ಮೆಷಿನ್‌ನ ಎಡಕ್ಕೆ ಸರಿದು ಪರದೆಯ ಎದುರು ನನ್ನನ್ನು ನಿಲ್ಲಿಸಿದ. "ಸಿಂಗಲ್ ಬ್ಲಾಕ್ ಹಾಕಿದ್ದೀನಣ್ಣ. ನೀವು ಒಂದು ಸಲ ಒತ್ತಿದರೆ ಒಂದೇ ಗೆರೆ ಓಡ್ತದೆ, ನಿಲ್ತದೆ. ಓದ್ಕೊಳಿ, ಸರಿ ಅನ್ಸಿದ್ರೆ ಮುಂದಿನದು ಒತ್ತಿ. ಹೆದರ್ಕೋಬೇಡಿ, ನಿಲ್ಸೋ ಗುಂಡಿ ಮೇಲೆ ನನ್ ಕೈ ಇರ್ತದೆ" ಅಂದ. ಹಾಗೇ ಇತ್ತು ಅವನ ಕೈ, ಎರಡು ವಾರ. ಒತ್ತಿದವನು ನಾನೇ. ತಪ್ಪಿದವನೂ ನಾನೇ. ನನ್ನ ಪ್ರಕಾರ ಕಲಿಸುವ ವಿದ್ಯೆ ಅಂದರೆ ಇಷ್ಟೇ: ಪರದೆಯ ಎದುರಿನ ಜಾಗ ಬಿಟ್ಟುಕೊಡಬೇಕು, ನಿಲ್ಲಿಸುವ ಗುಂಡಿಯ ಹತ್ತಿರ ಇರಬೇಕು.

ಮಾದಾವರದವರೆಗೆ ಮೆಟ್ರೋ ಬಂದದ್ದು 2024ರ ನವೆಂಬರ್ 7ರಂದು. ಆಮೇಲೆ ನಮ್ಮ ಮಗ್ಗುಲಲ್ಲಿರುವ ಅಂತರರಾಷ್ಟ್ರೀಯ ವಸ್ತು ಪ್ರದರ್ಶನ ಕೇಂದ್ರಕ್ಕೆ ಹೋಗುವುದು ಹುಡುಗರಿಗೆ ಸುಲಭವಾಗಿದೆ. 2025ರ ಜನವರಿಯಲ್ಲಿ ಅಲ್ಲಿ ಇಮ್‌ಟೆಕ್ಸ್ ಯಂತ್ರಮೇಳ ನಡೆದಾಗ ನಾನೂ ಹೋಗಿದ್ದೆ. ಮನೆಯಷ್ಟು ದೊಡ್ಡ ಮೆಷಿನ್‌ಗಳು, ಜಾಬ್ ಎತ್ತಿಡುವ ರೋಬೋ ತೋಳುಗಳು. ಐಟಿಐ ಹುಡುಗರು ಗುಂಪುಗುಂಪಾಗಿ ನಿಂತು ಬಾಯಿ ತೆರೆದು ನೋಡುತ್ತಿದ್ದರು. ಅಂಥ ಹುಡುಗರಿಗೆ ಕಲಿಸುವ ವಿಷಯದಲ್ಲಿ ನಮ್ಮ ರಾಜ್ಯ ಸುಮ್ಮನೆ ಕೂತಿಲ್ಲ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳಿಗೆ ಸುಮಾರು 4,600 ಕೋಟಿ ರೂಪಾಯಿಯ ವೆಚ್ಚದಲ್ಲಿ ಹೊಸ ಯಂತ್ರ, ಹೊಸ ಪಾಠ ಬಂದವು, 2022ರ ಜೂನ್‌ನಲ್ಲಿ ಉದ್ಘಾಟನೆಯೂ ಆಯಿತು. ನನಗೆ ಹೆಮ್ಮೆಯ ವಿಷಯ. ಆದರೆ ಆ ಮೆಷಿನ್‌ನ ಬಾಗಿಲು ದಿನಕ್ಕೆ ಎಷ್ಟು ಸಲ ಹುಡುಗರ ಕೈಯಿಂದ ತೆರೆಯುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕೆಟ್ಟೀತು ಅಂತ ಹೊದಿಕೆ ಹಾಕಿಟ್ಟ ಮೆಷಿನ್ ಯಾರಿಗೂ ಏನೂ ಕಲಿಸುವುದಿಲ್ಲ.

ಇನ್ನು ಭಾಷೆಯ ಮಾತು. ಕಿನ್ನಿಕಂಬಳದ ಕೆ. ಪಿ. ರಾವ್ ಅವರನ್ನು ನಾನು ಮನಸ್ಸಿನಲ್ಲೇ ಎಷ್ಟೋ ಸಲ ನೆನೆದಿದ್ದೇನೆ. ಕನ್ನಡದ ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳ ಮೇಲೆ ಕೂರಿಸಿದವರು ಅವರು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ನಡೆಯುವುದು ಅದೇ ವಿನ್ಯಾಸದ ಮೇಲೆ. ಕ್ಯೂ ಕೀಲಿ ಒತ್ತಿದರೆ ಟ, ಡಬ್ಲ್ಯೂ ಒತ್ತಿದರೆ ಡ, ಎಫ್ ಒತ್ತಿದರೆ ಒತ್ತಕ್ಷರದ ಕೊಂಡಿ. ಶಿಫ್ಟ್ ಹಿಡಿಯುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ನಮ್ಮೂರಿನ ಇಷ್ಟುದ್ದದ ಹೆಸರು ಹದಿಮೂರು ಒತ್ತಿಗೆ ಮುಗಿಯುತ್ತದೆ. ನಾನು ಎಣಿಸಿದ್ದೇನೆ. ಅಕ್ಷರ ಕಲಿಯುವಾಗ ಮಕ್ಕಳು ಕ ಕಾ ಕಿ ಕೀ ಅನ್ನುವ ಕ್ರಮವನ್ನೇ ಬೆರಳೂ ಹಿಡಿಯುತ್ತದೆ. ಒಬ್ಬ ಮನುಷ್ಯ ಕೂತು ನಮ್ಮ ನಾಲಿಗೆಯನ್ನೂ ನಮ್ಮ ಬೆರಳನ್ನೂ ಒಟ್ಟಿಗೆ ಯೋಚಿಸಿದ್ದರಿಂದ ಆದ ಕೆಲಸ ಇದು. ಈಗಿನ ಎಷ್ಟೋ ಆ್ಯಪ್‌ಗಳ ಕನ್ನಡ ಓದಿದರೆ ಯಾರೂ ಯಾರನ್ನೂ ಯೋಚಿಸಿಲ್ಲ ಅನ್ನಿಸಿ ಬೇಜಾರಾಗುತ್ತದೆ.

ಕೇಂದ್ರ ಸರ್ಕಾರದ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ 2017ರಲ್ಲಿ ಶುರುವಾಗಿ 2024ರ ಮಾರ್ಚ್‌ಗೆ ಮುಗಿಯಿತು. ಆರು ಕೋಟಿ ಮನೆಗಳಿಗೆ ಮನೆಗೊಬ್ಬರಂತೆ ಕಲಿಸುವ ಗುರಿ, ತರಬೇತಿ ಪಡೆದವರು 6.39 ಕೋಟಿ. ದೊಡ್ಡ ಕೆಲಸ, ಸಣ್ಣದಾಗಿ ಮಾತಾಡಬಾರದು. ಪಾಠ ಇಪ್ಪತ್ತು ಗಂಟೆಯದು. ಇಪ್ಪತ್ತು ಗಂಟೆಯಲ್ಲಿ ಹೆದರಿಕೆ ಹೋಗಬಹುದು, ಕೈ ಕುದುರುವುದಿಲ್ಲ. ಇನ್ನೊಂದು, ಅದು 14ರಿಂದ 60 ವಯಸ್ಸಿನವರಿಗೆ ಇದ್ದದ್ದು. ಅರವತ್ತು ದಾಟಿದವರ ಹೆಸರಿನಲ್ಲೇ ತಾನೇ ಊರಿನ ಅರ್ಧ ಜಮೀನು, ವೃದ್ಧಾಪ್ಯ ವೇತನ, ಬ್ಯಾಂಕಿನ ಠೇವಣಿ ಇರುವುದು? ಮೋಸದ ಫೋನ್ ಬರುವುದೂ ಅವರಿಗೇ.

2025ರ ಜುಲೈ ನೆನಪಿದೆಯಲ್ಲ. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್, ತಳ್ಳುಗಾಡಿಗಳ ಮೇಲಿನ ಕ್ಯೂಆರ್ ಕೋಡ್ ಕಿತ್ತುಹೋಯಿತು. ನಗದು ಮಾತ್ರ ಅನ್ನುವ ಚೀಟಿ ಬಂತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತರಕಾರಿ, ಹಾಲಿನಂಥವಕ್ಕೆ ತೆರಿಗೆಯೇ ಇಲ್ಲ. ಇಷ್ಟು ಮಾತನ್ನು ಆ ಚೌಕದ ಚಿತ್ರ ಅಂಟಿಸಲು ಬಂದವರು ಯಾರೂ ಹೇಳಿರಲಿಲ್ಲ. ದುಡ್ಡು ಬಂತು ಅಂತ ಡಬ್ಬಿ ಕೂಗಿದರೆ ಸಾಕು ಅಂತ ಬಿಟ್ಟರು. ಬಂದ ದುಡ್ಡಿನಲ್ಲಿ ಸಾಲದ್ದೆಷ್ಟು, ವ್ಯಾಪಾರದ್ದೆಷ್ಟು ಅಂತ ಬೇರೆ ಮಾಡಿ ಬರೆದಿಡುವುದನ್ನೂ ಕಲಿಸಬೇಕಿತ್ತು. ನಮ್ಮ ರಸ್ತೆಯ ಬೇಕರಿಯವರು ಆ ವಾರ ಸರಿಯಾಗಿ ಊಟ ಮಾಡಿರಲಿಲ್ಲ.

ಜನಕ್ಕೆ ತೋರಿಸಿ ಕೆಲಸ ಮಾಡುವ ಒಂದು ಒಳ್ಳೆಯ ಪದ್ಧತಿ ಹಿಂದೆ ಇತ್ತು. ಕರ್ನಾಟಕದ ಭೂಮಿ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯಲ್ಲಿ ಹದಿನೈದು ರೂಪಾಯಿಗೆ ಮುದ್ರಿಸಿ ಕೊಡಲು ಶುರು ಮಾಡಿದಾಗ, ಆ ಕಿಟಕಿಯಲ್ಲಿ ಎರಡು ಪರದೆ ಇಟ್ಟಿದ್ದರು. ಒಂದು ಕೆಲಸದವರ ಕಡೆಗೆ, ಇನ್ನೊಂದು ರೈತರ ಕಡೆಗೆ. ಒಳಗೆ ಏನು ಬರೆಯುತ್ತಿದ್ದಾರೋ ಅದು ಹೊರಗೆ ನಿಂತವರಿಗೂ ಕಾಣಬೇಕು ಅಂತ. ಆ ಎರಡನೆಯ ಪರದೆಯನ್ನು ಯೋಚಿಸಿದವರಿಗೆ ನನ್ನ ನಮಸ್ಕಾರ.

ಈ ಮಾತನ್ನು ನಾನು ಜೆರಾಕ್ಸ್ ಅಂಗಡಿಯ ಹುಡುಗನಿಗೆ ಹೇಳಿದೆ. ಅವನು ಏನೂ ಅನ್ನಲಿಲ್ಲ. ಮಾರನೆಯ ದಿನ ನೋಡುತ್ತೇನೆ, ಮಾನಿಟರ್ ಓರೆಯಾಗಿ ತಿರುಗಿದೆ, ಕೀಬೋರ್ಡಿನ ವೈರ್ ಉದ್ದವಾಗಿದೆ. ಜನ ಕಡಿಮೆಯಿದ್ದ ಮಧ್ಯಾಹ್ನ ಪಹಣಿ ನೋಡಲು ಒಬ್ಬ ಅಜ್ಜಿ ಬಂದರು. ಎಪ್ಪತ್ತರ ಹತ್ತಿರ ಇರಬೇಕು. "ಬನ್ನಿ ಅಜ್ಜಿ, ಇಲ್ಲಿ ಕೂತ್ಕೊಳಿ, ನೀವೇ ಒತ್ತಿ" ಅಂದ. ನಾನು ಸ್ಟೂಲ್ ಬಿಟ್ಟುಕೊಟ್ಟೆ.

"ಅಯ್ಯೋ ನಂಗೇನ್ ಬತ್ತದಪ್ಪ" ಅಂದರು ಅವರು. ಪರದೆ ಮೊದಲು ಜಿಲ್ಲೆ ಕೇಳಿತು. ಹುಡುಗ ಓದಿ ಹೇಳಿದ. "ಬೆಂಗಳೂರು" ಅಂದರು. ತಾಲ್ಲೂಕು? "ಉತ್ತರ." ಹೋಬಳಿ? "ದಾಸನಪುರ." ಊರು, ಸರ್ವೆ ನಂಬರು, ಹಿಸ್ಸಾ. ಆಮೇಲಾಮೇಲೆ ಹುಡುಗ ಬಾಯಿ ತೆರೆಯುವ ಮೊದಲೇ ಅವರ ಉತ್ತರ ಬಂದಿತ್ತು. ಐವತ್ತು ವರ್ಷದಿಂದ ತಾಲ್ಲೂಕು ಕಚೇರಿ, ನಾಡಕಚೇರಿ, ವಕೀಲರ ಮನೆ ಸುತ್ತಿ ಬಾಯಿಪಾಠವಾದ ಕ್ರಮ ಅದು. ಕಂಪ್ಯೂಟರೂ ಅದೇ ಕ್ರಮದಲ್ಲಿ ಕೇಳುತ್ತದೆ ಅಂತ ಅವರಿಗೆ ಯಾರೂ ತೋರಿಸಿರಲಿಲ್ಲ. ಸರ್‌ನೋಕ್ ಅನ್ನುವ ಕಡೆ ಬಂದ ನಕ್ಷತ್ರ ಚಿಹ್ನೆಗೆ ಮಾತ್ರ ತಡೆದು ನಿಂತರು. "ಇದ್ಯಾವ್ದಪ್ಪ ಚುಕ್ಕಿ?" ಹುಡುಗ ವಿವರಿಸಿದ. ತೋರುಬೆರಳು ಇಟ್ಟು, ಉಸಿರು ಬಿಗಿಹಿಡಿದು ಮೌಸ್ ಒತ್ತಿದರು. ಅವರ ಯಜಮಾನರ ಹೆಸರಿನ ಕೆಳಗೆ ಅವರದೇ ಹೆಸರು ತೆರೆದುಕೊಂಡಿತು.

ಸ್ವಲ್ಪ ಹೊತ್ತು ನೋಡಿದರು. ಹುಡುಗ ಮುದ್ರಿಸಲು ಕೈ ಚಾಚಿದಾಗ ಅವನ ಮಣಿಕಟ್ಟು ಹಿಡಿದು ತಡೆದರು.

"ತಡಿ ಮಗ. ಇದನ್ ಅಳ್ಸು. ಇನ್ನೊಂದ್ಸಲ ಜಿಲ್ಲೆಯಿಂದ ಒತ್ತೀನಿ."