ಕೇಕ್ ಡಬ್ಬಿಯ ಮುಚ್ಚಳ, ಹೆಲಿಕಾಪ್ಟರಿನ ಮೂತಿ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 615 ಎಕರೆಯಲ್ಲಿ, ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಶುರುವಾದದ್ದು 2023ರ ಫೆಬ್ರವರಿ 6ರಂದು. ಮೊದಲು ಅಲ್ಲಿ ತಯಾರಿಸಲು ಗೊತ್ತುಮಾಡಿದ್ದು 3 ಟನ್ ವರ್ಗದ ಹಗುರ ಹೆಲಿಕಾಪ್ಟರ್ ಎಲ್‌ಯುಎಚ್. ಮೂತಿಯ ತುಂಬ ಕಿಟಕಿ. ತುಮಕೂರಿನ ನಮ್ಮ ಬೀದಿಯ ಡಿಪ್ಲೊಮಾ ಹುಡುಗ 1:72 ಅಳತೆಯಲ್ಲಿ ಅದರ ಮಾದರಿಯನ್ನೇ ಮಾಡುತ್ತಿದ್ದಾನೆ. ಮೈ ಮುಗಿದಿದೆ, ಕೆಲಸ ಕಿಟಕಿಯ ಹತ್ತಿರ ನಿಂತಿದೆ.

ಕಿಟಕಿಗೆ 1 ಮಿ.ಮೀ. ಪ್ಲಾಸ್ಟಿಕ್ ಯಾಕೆ ಬೇಡ? ಲೆಕ್ಕ ಅವನೇ ಹೇಳಿದ: ನಿಜದ ಹೆಲಿಕಾಪ್ಟರಿಗೆ ಅದು 72 ಮಿ.ಮೀ. ದಪ್ಪವಾಗುತ್ತದೆ. ಒಳಗಿನ ಸೀಟು ಸೊಟ್ಟಗೆ ಕಾಣುತ್ತದೆ. ಅದಕ್ಕೇ ಬೇಕರಿಯ ಕೇಕ್ ಡಬ್ಬಿಯ ತೆಳು ಮುಚ್ಚಳ.

ಕುಣಿಗಲ್ಲಿನ ಅವನ ಸೋದರಮಾವ ಬಡಗಿ. ಮೂತಿಯ ಮರದ ಅಚ್ಚು ಅವರದು. ಮುಚ್ಚಳದ ಹಾಳೆಯನ್ನು ಮರದ ಚೌಕಟ್ಟಿಗೆ ಬಿಗಿದು ಒಲೆಯ ಮೇಲೆ ಎತ್ತರದಲ್ಲಿ ಹಿಡಿಯಬೇಕು. ಮೆತ್ತಗಾಗಿ ನಡುವೆ ಜೋತುಬಿದ್ದ ಗಳಿಗೆಯಲ್ಲೇ ಅಚ್ಚಿನ ಮೇಲೆ ಎಳೆಯಬೇಕು. ತಡವಾದರೆ ಹಾಳೆ ಬೆಳ್ಳಗಾಗುತ್ತದೆ. ಸುಡಲಿಲ್ಲ, ಹೊಗೆಯಿಲ್ಲ, ಬಿಳುಪು ಎಲ್ಲಿಂದ ಬಂತು? ಮುಚ್ಚಳದ ಪೆಟ್ ಪ್ಲಾಸ್ಟಿಕ್ ಹೆಚ್ಚು ಕಾದರೆ ಒಳಗೆ ಸಣ್ಣ ಹರಳುಗಳು ಕಟ್ಟುತ್ತವಂತೆ. ಬೆಳಕು ಅವುಗಳಿಗೆ ಬಡಿದು ಚೆದುರುತ್ತದೆ.

ಮರದ ಎಳೆ ಹಾಳೆಯ ಮೇಲೆ ಅಚ್ಚೊತ್ತಿದೆ. ಮಾವ ಬೆರಳಾಡಿಸಿ ನೋಡಿದರು. “ಮೊದ್ಲು ಅಚ್ಚು ನುಣ್ಣಗಾಗ್ಬೇಕು ಅಳಿಯ, ಆಮೇಲೆ ಒಲೆ ಹಚ್ಚು.”

ನನಗೆ ಬಹಳ ಸೋಜಿಗವೆನಿಸಿದ್ದು ಉಜ್ಜುವುದು. ಗೀರು ಹೋಗಲೆಂದು 1000ದ ವಾಟರ್ ಪೇಪರಿನಿಂದ ಉಜ್ಜಿದ. ಕಿಟಕಿ ಪೂರಾ ಮಬ್ಬಾಯಿತು. 2000ದ್ದರಲ್ಲಿ ಉಜ್ಜಿದ, ಕೊನೆಗೆ ಟೂತ್‌ಪೇಸ್ಟ್, ತಿಳಿಯಾಯಿತು! ಗೀರುಗಳು ಹೋಗಿಲ್ಲ, ಬೆಳಕಿನ ಅಲೆಯುದ್ದಕ್ಕಿಂತ ಸಣ್ಣವಾಗಿವೆ. ಕಿಟಕಿಯನ್ನು ತೆಳು ಅಕ್ರಿಲಿಕ್ ಪಾಲಿಶ್‌ನಲ್ಲಿ ಅದ್ದಿದರೆ ಉಳಿದ ಗೀರುಗಳನ್ನು ದ್ರವ ತುಂಬಿ ಮುಚ್ಚುತ್ತದೆ. ಬೋಂಡಾ ಕಟ್ಟಿದ ಕಾಗದ ಎಣ್ಣೆ ಹೀರಿ ಅರೆಪಾರದರ್ಶಕವಾಗುವುದೂ ಇದೇ ಲೆಕ್ಕವೇ. ಹೊಳಪೆಂದರೆ ಒರೆಸಿ ತೆಗೆಯುವುದು ಅಂದುಕೊಂಡಿದ್ದೆ, ತುಂಬುವುದೂ ಹೌದು.

ಅಂಟಿಸಲು ಸೂಪರ್ ಗ್ಲೂ ಮುಟ್ಟುವುದಿಲ್ಲ. ಅದರ ಆವಿ ಗಾಳಿಯ ತೇವದೊಂದಿಗೆ ಸೇರಿ ಕಿಟಕಿಯ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಬಿಳಿ ಫೆವಿಕಾಲ್ ಸಾಕು: ಒಣಗಿದಾಗ ತಿಳಿಯಾಗುತ್ತದೆ, ಅಂಚಿಗೆ ಹೆಚ್ಚಾದದ್ದು ಒದ್ದೆ ಬಟ್ಟೆಗೆ ಬಂದುಬಿಡುತ್ತದೆ.

ಕಿಟಕಿಯ ಪಟ್ಟಿಗಳಿಗೆ ಹೊರಗಿನಿಂದ ಹಸಿರು ಬಳಿಯಬೇಕು. ಟೇಪ್ ಹಚ್ಚಿ ಅವನು ಮೊದಲು ಬಳಿದದ್ದು ಬೂದು. “ಇದ್ಯಾಕೋ?” ಅಂದೆ. “ಒಳಗಿಂದ ನೋಡಿ ಸಾರ್, ಪ್ಲಾಸ್ಟಿಕ್ ಮೂಲಕ ಮೊದಲ ಕೋಟೇ ಕಾಣೋದು. ಒಳಗಿನ ಬಣ್ಣ ಬೂದು ತಾನೆ?”