ಓಟಿಪಿ ಬಂತಾ ಅಣ್ಣ?

ಆನ್‌ಲೈನಿನಲ್ಲಿ ಮಾಲು ಮಾರುವ ಯಾವ ಸಣ್ಣ ಅಂಗಡಿಗೆ ಹೋಗಿ ಹತ್ತು ನಿಮಿಷ ಕೂತರೂ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: “ಅಣ್ಣ, ಓಟಿಪಿ ಬಂತಾ ನೋಡಿ.” ಅಣ್ಣ ಮದುವೆಮನೆಯ ಪಂಕ್ತಿಯಲ್ಲಿ ಕೂತಿರಬಹುದು, ಬೈಕು ನಿಲ್ಲಿಸಿ ರಸ್ತೆ ಬದಿ ನಿಂತಿರಬಹುದು. ಫೋನು ತೆಗೆದು ಆರು ಅಂಕಿಗಳನ್ನು ಜೋರಾಗಿ ಓದಿ ಹೇಳಬೇಕು. ಆ ಕಡೆಯಿಂದ “ಆಯ್ತಣ್ಣ, ಓಪನ್ ಆಯ್ತು” ಅಂತ ಉತ್ತರ ಬರುತ್ತದೆ. ಅಂಕಿ ಹೇಳಿದ್ದು ಪಕ್ಕದ ಎಲೆಯವರಿಗೂ ಕೇಳಿಸಿರುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಕಳವಳವಾಗುತ್ತದೆ. ಆ ಅಂಕಿ ತೆರೆಯುವ ಬಾಗಿಲ ಹಿಂದೆ ಒಂದು ಮನೆಯ ಅನ್ನವಿದೆ, ಕೆಲಸಕ್ಕೆ ಬರುವ ನಾಲ್ಕಾರು ಮನೆಗಳ ಅನ್ನವೂ ಇದೆ.

ಚನ್ನಪಟ್ಟಣದ ಗೊಂಬೆಯನ್ನೇ ತೆಗೆದುಕೊಳ್ಳಿ. ಆಲೆಮರದ ತುಂಡು ಒಣಗಬೇಕು, ತಿರುಗುವ ಯಂತ್ರಕ್ಕೆ ಸಿಕ್ಕಿಸಿ ಉಳಿಯಲ್ಲಿ ಹೆರೆಯಬೇಕು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯಬೇಕು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ಕೇದಗೆಯ ಒಣ ಎಲೆ ಹಿಡಿದು ತಿಕ್ಕಿದರೆ ಕನ್ನಡಿಯಂಥ ಹೊಳಪು. ಈ ಕಸುಬಿಗೆ ಭೌಗೋಳಿಕ ಸೂಚಕದ ರಕ್ಷಣೆಯಿದೆ, ಬೇರೆ ಊರಿನ ಗೊಂಬೆಗೆ ಚನ್ನಪಟ್ಟಣದ ಹೆಸರಿಡುವಂತಿಲ್ಲ. ಹೆಸರನ್ನು ಇಷ್ಟು ಜೋಪಾನ ಮಾಡಿದ ಊರಿನಲ್ಲಿ, ಅದೇ ಗೊಂಬೆಯನ್ನು ಗುವಾಹಟಿಯ ಮಗುವಿನ ಕೈಗೆ ಮುಟ್ಟಿಸುವ ಮಾರಾಟದ ಖಾತೆಯ ಪಾಸ್‌ವರ್ಡನ್ನು ಪ್ರಿಂಟರ್ ಬಂದ ರಟ್ಟಿನ ಡಬ್ಬದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದನ್ನು ನಾನು ಕಂಡಿದ್ದೇನೆ. ಕೊನೆಯ ಅಂಕಿಯನ್ನು ಎರಡು ಸಲ ಹೊಡೆದುಹಾಕಿ ಹೊಸದು ಬರೆದಿತ್ತು. ಕೊರಿಯರ್ ಹುಡುಗ ದಿನಾ ಮಧ್ಯಾಹ್ನ ಪಾರ್ಸೆಲ್‌ಗಳಿಗಾಗಿ ಬಂದು ನಿಲ್ಲುವುದು ಅದೇ ಡಬ್ಬದ ಮುಂದೆ.

ಆ ಅಂಗಡಿಯವರನ್ನು ಬೈಯುವ ಹಕ್ಕು ನನಗಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಆರ್ಡರ್‌ಗಳ ಪಟ್ಟಿ ತೆಗೆಯಬೇಕು, ಥರ್ಮಲ್ ಪ್ರಿಂಟರಿನಲ್ಲಿ ಲೇಬಲ್ ಒತ್ತಬೇಕು, ಬಬಲ್ ರ್‍ಯಾಪ್ ಸುತ್ತಬೇಕು, ವಾಪಸು ಬಂದ ಪೊಟ್ಟಣದಲ್ಲಿ ಗೊಂಬೆಯ ಬದಲು ಕಲ್ಲು ಇದೆಯೇ ಎಂದು ಬಿಚ್ಚಿ ನೋಡಿ ಫೋಟೋ ಹಿಡಿಯಬೇಕು, ಗಿರಾಕಿಯ ಪ್ರಶ್ನೆಗೆ ಉತ್ತರ ಕೊಡಬೇಕು, ಸಂಜೆ ಲೆಕ್ಕ ಇಳಿಸಿಕೊಳ್ಳಬೇಕು. ಇಷ್ಟನ್ನೂ ಒಬ್ಬರೇ ಮಾಡಲಾಗದು. ಕೆಲಸಕ್ಕೆ ಜನ ಬೇಕು, ಜನಕ್ಕೆ ಖಾತೆ ತೆರೆಯಬೇಕು. ತೊಡಕಿರುವುದು ಒಂದೇ ಕೀಲಿಕೈಯನ್ನು ಎಲ್ಲರಿಗೂ ಕೊಡುವುದರಲ್ಲಿ. ಲೇಬಲ್ ಒತ್ತುವ ಹುಡುಗಿಗೆ ಕೊಟ್ಟ ಪಾಸ್‌ವರ್ಡಿನಲ್ಲೇ ಹಣ ಬಂದು ಬೀಳುವ ಬ್ಯಾಂಕ್ ಖಾತೆಯ ಪುಟವೂ ತೆರೆಯುತ್ತದೆ. ಆ ಪುಟದಲ್ಲಿ ಒಂದು ಸಾಲು ಬದಲಾದರೆ ವಾರವಿಡೀ ಮಾರಿದ ದುಡ್ಡು ಬೇರೆಯವರ ಮನೆಗೆ ಹೋಗಬಹುದು. ಬೆಲೆಯ ಕಾಲಂನಲ್ಲಿ ಒಂದು ಸೊನ್ನೆ ಬಿಟ್ಟುಹೋದರೂ ಸಾಕು, ನಾನೂರೈವತ್ತರ ಆಟಿಕೆ ನಲವತ್ತೈದಕ್ಕೆ ಮಾರಾಟವಾಗಿ ರಾತ್ರಿ ಕಳೆಯುವುದರಲ್ಲಿ ದಾಸ್ತಾನು ಖಾಲಿ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕೆನಿಸುತ್ತದೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು ಹೇಗೆ ಎಂಬ ಕಥೆ ನನಗೆ ಬಹಳ ಇಷ್ಟ. 1960ರ ದಶಕದ ಆರಂಭ, ಅಮೆರಿಕದ ಎಂಐಟಿ. ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ದೊಡ್ಡ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆ ಕಟ್ಟಿದರು, ಅದರ ಹೆಸರು ಸಿಟಿಎಸ್‌ಎಸ್. ಯಂತ್ರ ಒಂದು, ಜನ ಹಲವರು. ಯಾವ ಕಡತ ಯಾರದು, ಯಾರು ಎಷ್ಟು ಹೊತ್ತು ಬಳಸಿದರು ಎಂದು ಗೊತ್ತಾಗಬೇಕಲ್ಲ? ಅದಕ್ಕಾಗಿ ತಲೆಗೊಂದು ಪಾಸ್‌ವರ್ಡ್. 1962ರಲ್ಲೇ ಅಲನ್ ಶೆರ್ ಎಂಬ ಸಂಶೋಧಕ, ತನಗೆ ಕೊಟ್ಟ ಸಮಯ ಸಾಲದೆಂದು, ಎಲ್ಲರ ಪಾಸ್‌ವರ್ಡಿದ್ದ ಕಡತವನ್ನೇ ಮುದ್ರಿಸಿಕೊಂಡು ಇತರರ ಹೆಸರಿನಲ್ಲಿ ಕೆಲಸ ಮಾಡಿದ. ಎಷ್ಟೋ ವರ್ಷಗಳ ಮೇಲೆ ತಾನೇ ಅದನ್ನು ಹೇಳಿಕೊಂಡ. ಅಂತೂ ಪಾಸ್‌ವರ್ಡು ಹುಟ್ಟಿದ್ದೇ ಒಬ್ಬರಿಂದ ಇನ್ನೊಬ್ಬರನ್ನು ಬೇರ್ಪಡಿಸಿ ಗುರುತಿಸಲು. ಐದು ಜನ ಒಂದನ್ನೇ ಬಳಸಿದರೆ ಐವರೂ ಸೇರಿ ಒಬ್ಬರಾಗುತ್ತಾರೆ. ಯಾರು ಏನು ಮಾಡಿದರು ಎಂಬುದು ಆ ದೇವರಿಗೂ ಗೊತ್ತಾಗುವುದಿಲ್ಲ.

ಗೊತ್ತಾಗದಿದ್ದಾಗ ಏನಾಗುತ್ತದೆ ಎಂಬುದೇ ನನ್ನನ್ನು ಈ ವಿಷಯಕ್ಕೆ ಎಳೆದದ್ದು. ನಾನು ಬಲ್ಲ ಒಂದು ಅಂಗಡಿಯಲ್ಲಿ ಹಣ ಬರುವ ಬ್ಯಾಂಕ್ ಖಾತೆ ಒಂದು ರಾತ್ರಿ ಬದಲಾಯಿತು. ಪಾಸ್‌ವರ್ಡು ನಾಲ್ವರಿಗೆ ಗೊತ್ತಿತ್ತು. ಒಬ್ಬ ಯಜಮಾನರ ಮಗ, ಒಬ್ಬ ಅಳಿಯ, ಒಬ್ಬರು ಹಳಬರು, ಇನ್ನೊಬ್ಬ ಪ್ಯಾಕಿಂಗಿಗೆ ಸೇರಿ ವರ್ಷ ತುಂಬದ ಹುಡುಗ. ಅನುಮಾನ ಯಾರ ಮೇಲೆ ಹೋಯಿತೆಂದು ಹೇಳಬೇಕಾಗಿಲ್ಲ. ಹುಡುಗ ಅತ್ತ, ದೇವರ ಮೇಲೆ ಆಣೆ ಇಟ್ಟ, ಕೆಲಸ ಬಿಟ್ಟ. ಆಮೇಲೆ ನೋಡಿದರೆ, ಕಂಪನಿಯವರೆಂದು ಹೇಳಿಕೊಂಡು ಯಾರೋ ಮಾಡಿದ ಕರೆಗೆ ಅಳಿಯ ಓಟಿಪಿ ಹೇಳಿದ್ದರು. ಹೋದ ದುಡ್ಡು ವಾಪಸು ಬಂತೋ ಇಲ್ಲವೋ, ಹುಡುಗನಂತೂ ಬರಲಿಲ್ಲ. ಅವನಿಗೆ ಅವನದೇ ಹೆಸರಿನ ಲಾಗಿನ್ ಇದ್ದಿದ್ದರೆ, ಅದರಲ್ಲಿ ಆರ್ಡರ್ ಪುಟ ಬಿಟ್ಟು ಬೇರೇನೂ ತೆರೆಯುವಂತಿಲ್ಲದಿದ್ದರೆ, ಯಾರೂ ಅವನ ಕಡೆ ಬೆರಳು ತೋರಿಸಲು ಆಗುತ್ತಿರಲಿಲ್ಲ.

ಆದ್ದರಿಂದ “ನಮ್ಮ ಹುಡುಗರ ಮೇಲೆ ನಂಬಿಕೆ ಇದೆ, ಅದಕ್ಕೇ ಪಾಸ್‌ವರ್ಡ್ ಕೊಟ್ಟಿದ್ದೀವಿ” ಎನ್ನುವ ಯಜಮಾನರ ಮಾತನ್ನು ನಾನು ಒಪ್ಪುವುದಿಲ್ಲ. ಬ್ಯಾಂಕಿನ ಭದ್ರತಾ ಕೊಠಡಿಯ ಕೀಲಿಗಳು ಇಬ್ಬರ ಕೈಯಲ್ಲಿರುತ್ತವೆ, ಇಬ್ಬರೂ ಬಂದರೇ ಬಾಗಿಲು ತೆರೆಯುವುದು. ಇದರಿಂದ ತನ್ನ ಮಾನ ಹೋಯಿತೆಂದು ಯಾವ ಕ್ಯಾಷಿಯರೂ ಕೊರಗಿದ್ದು ನಾನು ಕೇಳಿಲ್ಲ. ಅವರ ರಾತ್ರಿಯ ನಿದ್ದೆ ಕಾಯುವುದೇ ಆ ಎರಡನೆಯ ಕೀಲಿ.

ಏರ್ಪಾಡು ದೊಡ್ಡ ವಿದ್ಯೆಯೇನಲ್ಲ. ಅಮೆಜಾನಿನ ಮಾರಾಟಗಾರರ ಪುಟದಲ್ಲಿ ಸೆಟ್ಟಿಂಗ್ಸ್ ಒಳಗೆ ಯೂಸರ್ ಪರ್ಮಿಷನ್ಸ್ ಎಂದಿದೆ. ಅಲ್ಲಿ ಕೆಲಸದವರ ಇಮೇಲಿಗೆ ಆಹ್ವಾನ ಕಳಿಸಿದರೆ ಅವರು ತಮ್ಮದೇ ಪಾಸ್‌ವರ್ಡ್ ಇಟ್ಟುಕೊಂಡು ಒಳಗೆ ಬರುತ್ತಾರೆ. ಯಾವ ಪುಟ ಕಾಣಬಾರದು, ಯಾವುದನ್ನು ಬರೀ ನೋಡಬಹುದು, ಯಾವುದನ್ನು ತಿದ್ದಬಹುದು ಎಂದು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಗುರುತು ಹಾಕಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಪುಟಗಳಿಗೂ ಮೆಟಾದ ಬಿಸಿನೆಸ್ ವ್ಯವಸ್ಥೆಯಲ್ಲಿ ಪಾಸ್‌ವರ್ಡ್ ಕೊಡದೆ ಜನರನ್ನು ಸೇರಿಸಿಕೊಳ್ಳಲು ಬರುತ್ತದೆ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ ಎಂಬ ಈ ತತ್ವವನ್ನು ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬಿಬ್ಬರು 1975ರಲ್ಲೇ ಬರೆದಿಟ್ಟಿದ್ದಾರೆ. ಬ್ಯಾಂಕ್ ಖಾತೆ, ತೆರಿಗೆ ವಿವರ, ಹೊಸಬರನ್ನು ಸೇರಿಸುವ ಅಧಿಕಾರ, ಈ ಮೂರನ್ನು ಮಾತ್ರ ಯಜಮಾನರು ಯಾರಿಗೂ ಬಿಡಬಾರದು.

ಮೇಲಾಗಿ ಓಟಿಪಿಯ ಕಾಟವೂ ತಪ್ಪುತ್ತದೆ. ಪ್ರತಿಯೊಬ್ಬರೂ ತಮ್ಮ ಫೋನಿನಲ್ಲಿ ಅಥೆಂಟಿಕೇಟರ್ ಆ್ಯಪ್ ಇಟ್ಟುಕೊಂಡರೆ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಹೊಸ ಅಂಕಿ ಅಲ್ಲೇ ಮೂಡುತ್ತದೆ. ಎಸ್ಸೆಮ್ಮೆಸ್ಸಿಗೆ ಕಾಯಬೇಕಿಲ್ಲ, ನೆಟ್‌ವರ್ಕೂ ಬೇಡ. ನಕಲಿ ಸಿಮ್ ತೆಗೆಸಿ ಸಂದೇಶ ಕದಿಯುವವರ ಆಟವೂ ಇಲ್ಲಿ ನಡೆಯದು. ಆದರೂ ಆ ಅಂಕಿಯನ್ನು ಫೋನಿನಲ್ಲಿ ಕೇಳಿದವರಿಗೆ ಹೇಳಿಬಿಟ್ಟರೆ ಯಾವ ಆ್ಯಪೂ ಕಾಯಲಾರದು.

ಈ ಮಾತಿನ ನಡುವೆ ಜಿಎಸ್‌ಟಿ ನೆನಪಾಗುತ್ತದೆ, ಬಿಡಲಾಗದು. ನೋಂದಣಿ ಮಾಡಿಸಲು ಹೋದಾಗ “ನನ್ನ ನಂಬರ್ ಹಾಕಿಬಿಡ್ತೀನಿ ಸಾರ್, ನಿಮಗ್ಯಾಕೆ ತೊಂದರೆ” ಎನ್ನುವ ಲೆಕ್ಕದವರು ಊರೂರಲ್ಲೂ ಇದ್ದಾರೆ. ಕೆಟ್ಟ ಉದ್ದೇಶ ಇರುವುದಿಲ್ಲ, ರಿಟರ್ನ್ ತುಂಬುವಾಗ ಓಟಿಪಿ ಕೇಳುತ್ತಾ ಕೂರಬೇಕಾಗಿಲ್ಲ ಅಂತ ಅಷ್ಟೇ. ಮುಂದೊಂದು ದಿನ ಅವರ ಜೊತೆ ಜಗಳವಾದರೆ ಅಥವಾ ಅವರು ಊರು ಬಿಟ್ಟರೆ, ನಮ್ಮ ವ್ಯಾಪಾರದ ಗುರುತಿನ ಬೀಗ ಅವರ ಜೇಬಿನಲ್ಲೇ ಉಳಿದಿರುತ್ತದೆ. ಡಿಜಿಟಲ್ ಸಹಿಯ ಟೋಕನ್ನನ್ನು ಪಿನ್ ಸಮೇತ ಆಡಿಟರ ಡ್ರಾಯರಿನಲ್ಲಿ ಬಿಟ್ಟುಬರುವುದು ಇದಕ್ಕಿಂತ ಅಪಾಯ. ಅದು ಕಾನೂನು ಮಾನ್ಯ ಮಾಡುವ ಸಹಿ. ಖಾಲಿ ಕಾಗದಕ್ಕೆ ರುಜು ಹಾಕಿ ಕೊಡಲು ಒಲ್ಲೆನ್ನುವ ಹಿರಿಯರೇ ಇದನ್ನು ನಿಶ್ಚಿಂತೆಯಿಂದ ಕೊಟ್ಟು ಬಂದಿರುತ್ತಾರೆ. ಮಾರಾಟದ ಖಾತೆಗೆ ಜೋಡಿಸಿದ ಇಮೇಲಿನ ಕಥೆಯೂ ಹೀಗೇ: ಯಾವತ್ತೋ ಅಣ್ಣನ ಮಗ ತನ್ನ ಫೋನಿನಲ್ಲಿ ಮಾಡಿಕೊಟ್ಟದ್ದು. ಆ ಇಮೇಲು ಕೈಗೆ ಸಿಕ್ಕವರಿಗೆ “ಪಾಸ್‌ವರ್ಡ್ ಮರೆತಿದ್ದೇನೆ” ಎಂದು ಒತ್ತಿದರೆ ಸಾಕು, ಬಾಗಿಲು ಅರ್ಧ ತೆರೆದಂತೆಯೇ.

ಮೋಸದ ಕರೆಗಳ ಬಗ್ಗೆ ಕೆಲಸದವರ ಜೊತೆ ಬಾಯಿಬಿಟ್ಟು ಮಾತಾಡಬೇಕು. “ನಿಮ್ಮ ಅಕೌಂಟ್ ಇವತ್ತು ಸಂಜೆ ಸಸ್ಪೆಂಡ್ ಆಗುತ್ತೆ, ಎನಿಡೆಸ್ಕ್ ಆ್ಯಪ್ ಹಾಕ್ಕೊಳ್ಳಿ, ನಾವೇ ಸರಿಮಾಡ್ತೀವಿ” ಅಂತ ಒಳ್ಳೆಯ ಹಿಂದಿಯಲ್ಲೋ ಅರೆಬರೆ ಕನ್ನಡದಲ್ಲೋ ಗದರಿಸಿದರೆ, ಹತ್ತೊಂಬತ್ತರ ಹುಡುಗಿ ಹೆದರದೆ ಏನು ಮಾಡಿಯಾಳು? “ಇಲ್ಲ ಸಾರ್, ಹೇಳಲ್ಲ” ಎಂದು ಫೋನಿಡುವ ಅಧಿಕಾರ ಅವಳಿಗಿದೆ ಎಂದು ಯಜಮಾನರೇ ಮೊದಲು ಹೇಳಿರಬೇಕು. ಯಜಮಾನರ ಹೆಸರು ಹೇಳಿಕೊಂಡು ಬಂದ ಕರೆಗೂ ಅದೇ ಉತ್ತರ ಕೊಟ್ಟರೆ ಸಿಟ್ಟಾಗುವುದಿಲ್ಲ ಎಂದೂ ಹೇಳಿರಬೇಕು. ಹಣ ಹೋಗಿದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದನ್ನು ಮಾತ್ರ ಗೋಡೆ ಮೇಲೆ ಬರೆಯಲಿ. ಅಲ್ಲಿ ದೊಡ್ಡದಾಗಿ ಬರೆಯಬಹುದಾದ ಅಂಕಿ ಅದೊಂದೇ.

ಕೆಲಸ ಬಿಟ್ಟವರ ಲಾಗಿನ್ನನ್ನು ಅಂದೇ ತೆಗೆಯಬೇಕು, ಅದು ಎಲ್ಲರಿಗೂ ತಿಳಿದದ್ದೇ. ಕಡೆಯ ಸಂಬಳ ಕೈಗಿಟ್ಟು, ಅವರೆದುರಿಗೇ ತೆಗೆದರೆ ಇನ್ನೂ ಒಳ್ಳೆಯದು, ನಾಳೆ ಏನೇ ಆದರೂ ಅದು ಅವರ ತಲೆಗೆ ಬರುವುದಿಲ್ಲ. ಯಾರೂ ಯೋಚಿಸದಿರುವುದು ಯಜಮಾನರದೇ ಸಂಗತಿ. ಅವರು ಒಂದು ದಿನ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿ, ಫೋನು ಲಾಕಾಗಿ ಮನೆಯವರ ಬ್ಯಾಗಿನಲ್ಲಿದ್ದರೆ? ಆರ್ಡರ್‌ಗಳು ಬರುತ್ತಲೇ ಇರುತ್ತವೆ, ಗಡುವು ಮೀರಿದ ಪಾರ್ಸೆಲ್ ಒಂದೊಂದೂ ಖಾತೆಯ ಹೆಸರು ಕೆಡಿಸುತ್ತದೆ. ಹುಡುಗರಿಗೆ ಅವರವರ ಲಾಗಿನ್ ಇದ್ದರೆ ಯಜಮಾನರ ಫೋನಿಲ್ಲದೆಯೂ ಲೇಬಲ್ ಹೊರಬೀಳುತ್ತದೆ, ಗೊಂಬೆ ಹೊರಡುತ್ತದೆ. ಬ್ಯಾಂಕ್ ಪುಟದಂಥ ದೊಡ್ಡ ಬಾಗಿಲುಗಳಿಗೆ ಫೋನಿಲ್ಲದಾಗ ಒಳಗೆ ಬಿಡುವ ಬ್ಯಾಕಪ್ ಕೋಡ್ ಬರೆದ ಚೀಟಿಯೊಂದನ್ನು ಲಕೋಟೆಯಲ್ಲಿ ಅಂಟಿಸಿ ಹೆಂಡತಿಯ ಬೀರುವಿನಲ್ಲಿಡಬೇಕು. ಅದು ಏನು, ಯಾವಾಗ ತೆರೆಯಬೇಕು ಎಂದು ಆಕೆಗೆ ಒಂದು ಸಂಜೆ ಕೂತು ಹೇಳಿಕೊಡಬೇಕು, ಒಮ್ಮೆ ಆಕೆಯ ಕೈಯಲ್ಲೇ ಲಾಗಿನ್ ಮಾಡಿಸಿ ನೋಡಬೇಕು.