ಕಿವಿಯೂ ನೆನಪೂ

ಹಳೆಯ ವಿದ್ಯಾರ್ಥಿನಿಯರಾದ ನಾವು ಕಳೆದ ಸಾರಿ ಕೂಡಿದಾಗ ನಮ್ಮ ಗೆಳತಿಯೊಬ್ಬಳು ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದಳು. ಕೇಳಿದುದೊಂದಾದರೆ ಅವಳ ಉತ್ತರ ಇನ್ನೊಂದು. ‘ಪಾಪ, ಅರಳುಮರಳು’ ಎಂದು ನಾವೇ ಪಿಸುಗುಟ್ಟಿದೆವು. ಒಂದು ಕಾಲದಲ್ಲಿ ಇಡೀ ತರಗತಿಯ ಹಾಜರಿಪಟ್ಟಿಯನ್ನು ಬಾಯಿಪಾಠವಾಗಿ ಒಪ್ಪಿಸುತ್ತಿದ್ದವಳು ಅವಳು! ಮಂದವಾದುದು ನೆನಪಲ್ಲ, ಕಿವಿಯೆಂದು ಆಮೇಲೆ ತಿಳಿಯಿತು. ಶ್ರವಣಯಂತ್ರವನ್ನು ಧರಿಸಲು ನಾಚಿ ಪೆಟ್ಟಿಗೆಯಲ್ಲಿಟ್ಟಿದ್ದಳು.

ಇದು ಸಣ್ಣ ಸಂಗತಿಯಲ್ಲ. ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯ ತಜ್ಞಮಂಡಲಿಯು 2024ರಲ್ಲಿ ಮರೆವಿನ ರೋಗಕ್ಕೆ ಎಡೆಗೊಡುವ, ತಿದ್ದಿಕೊಳ್ಳಬಹುದಾದ 14 ಸಂಗತಿಗಳನ್ನು ಎಣಿಸಿತು. ಅವುಗಳಲ್ಲಿ ಕಿವಿ ಮಂದವಾಗುವುದೂ ಒಂದು. ಕೇಳಿಸದ ಮಾತನ್ನು ಊಹಿಸುವುದರಲ್ಲಿಯೇ ಮಿದುಳು ದಣಿಯುವುದೆಂದೂ, ಬರಬರುತ್ತ ಜನರ ಸಂಗ ತಪ್ಪಿ ಅದು ಮತ್ತಷ್ಟು ಸೊರಗುವುದೆಂದೂ ಬಲ್ಲವರ ಎಣಿಕೆ. ರಕ್ತದ ಒತ್ತಡ, ಸಕ್ಕರೆಯ ರೋಗ, ನಡೆದಾಡದ ದೇಹ, ಇವೂ ಆ ಪಟ್ಟಿಯಲ್ಲಿವೆ. ಇವನ್ನು ವೈದ್ಯರು ಹೇಗೂ ಹೇಳುವರು. ಕನ್ನಡಕವನ್ನು ನಾಚದೆ ಧರಿಸುವ ನಮಗೆ ಕಿವಿಯ ವಿಷಯದಲ್ಲಿ ಮಾತ್ರ ಇಷ್ಟು ಬಿಗುಮಾನವೇಕೋ!

ಈಗ ನಾವು ಐವರು ಸಂಜೆ ಅವಳೊಡನೆ ಅರ್ಧ ಗಂಟೆ ನಡೆಯುತ್ತೇವೆ. ಯಂತ್ರವು ಕಿವಿಯಲ್ಲಿರುತ್ತದೆ. ಅವಳ ಮುಖ ನೋಡಿ, ಒಬ್ಬೊಬ್ಬರಾಗಿ ಮಾತಾಡುತ್ತೇವೆ (ನಮಗೆ ಕಷ್ಟವಾದ ಪಾಠ ಇದೇ). ಮೊನ್ನೆ ಅವಳು ಹಾಜರಿಪಟ್ಟಿಯನ್ನು ಮತ್ತೆ ಒಪ್ಪಿಸಿದಳು. ಎರಡು ಹೆಸರುಗಳು ಬಿಟ್ಟುಹೋದುವು. ಅವನ್ನು ನಾವೂ ಹೇಳಲಾರದೆ ಹೋದೆವು.